ಸ್ಮಾರ್ಟ್ ಮೀಟರ್ ಬೇಡವೇ? ಗೇಟಿಗೆ ಬೀಗ ಹಾಕಬೇಡಿ, ಅರ್ಜಿ ಬರೆಯಿರಿ

ಶಿರಸಿ, ಸಿದ್ದಾಪುರದ ಕಡೆ ಈಗ ಊಟದ ಪಂಕ್ತಿಯಲ್ಲಿ ಕುಳಿತರೂ ಅಡಿಕೆ ದರದ ಮಾತು ಮುಗಿಯುವಷ್ಟರಲ್ಲಿ, ರೀಡಿಂಗನ್ನು ನೆಟ್‌ವರ್ಕ್ ಮೂಲಕ ತಾನೇ ಕಚೇರಿಗೆ ಕಳುಹಿಸುವ ಸ್ಮಾರ್ಟ್ ಮೀಟರಿನ ಮಾತು ಶುರುವಾಗುತ್ತದೆ. ‘ನಮ್ಮ ಮನೆಗೆ ಬರಲಿ ನೋಡೋಣ, ಗೇಟಿಗೆ ಬೀಗ ಹಾಕುತ್ತೇನೆ’ ಎನ್ನುವವರು ಪ್ರತಿ ಪಂಕ್ತಿಯಲ್ಲೂ ಇಬ್ಬರು ಸಿಗುತ್ತಾರೆ. ಅವರ ಸಿಟ್ಟು ನನಗೆ ಅರ್ಥವಾಗುತ್ತದೆ, ನನ್ನದೂ ಅದೇ ಸಿಟ್ಟು. ಆದರೆ ಬೀಗದಿಂದ ನಮಗೇ ನಷ್ಟ. ವಿದ್ಯುತ್ ಕಾಯ್ದೆ 2003ರ 163ನೇ ಕಲಂ ಪ್ರಕಾರ, ತಿಳಿಸಿ ಬಂದ ಅಧಿಕೃತ ಸಿಬ್ಬಂದಿಯನ್ನು ಒಳಗೆ ಬಿಡದಿದ್ದರೆ ಲಿಖಿತ ನೋಟಿಸ್ ಕೊಟ್ಟು 24 ಗಂಟೆ ಕಳೆದ ಮೇಲೆ ಸಂಪರ್ಕವನ್ನೇ ಕಡಿಯಬಹುದು. ಬೀಗ ಹಾಕಿದವರು ಕತ್ತಲಲ್ಲಿ ಕೂರಬೇಕಾಗುತ್ತದೆ, ಅವರ ಪ್ರಶ್ನೆಗೆ ಉತ್ತರವೂ ಸಿಗುವುದಿಲ್ಲ.

ಪ್ರಶ್ನೆ ಕೇಳುವ ಹಕ್ಕು ನಮ್ಮ ಉತ್ತರ ಕನ್ನಡ ಜಿಲ್ಲೆಗೆ ಖಂಡಿತ ಇದೆ. ಕಾಳಿ ನದಿಗೆ ಸೂಪಾ, ಕೊಡಸಳ್ಳಿ, ಕದ್ರಾ ಅಣೆಕಟ್ಟುಗಳು ಬಂದವು. ಸೂಪಾ ಎಂಬ ಊರೇ ನೀರಿನಡಿ ಸೇರಿತು. ಶರಾವತಿಗೆ ಗೇರುಸೊಪ್ಪೆಯಲ್ಲಿ ಅಡ್ಡಗಟ್ಟಿದರು. ಕೈಗಾದಲ್ಲಿ ತಲಾ 220 ಮೆಗಾವಾಟ್‌ನ ನಾಲ್ಕು ಅಣು ಘಟಕಗಳಿವೆ. ಇಷ್ಟೆಲ್ಲ ಕೊಟ್ಟ ನಾಡಿನಲ್ಲಿ ಆಷಾಢದ ಗಾಳಿಗೆ ಒಂದು ಮರ ಲೈನಿನ ಮೇಲೆ ಬಿದ್ದರೆ ಎರಡು ದಿನ ಕರೆಂಟಿಲ್ಲ. ತಂತಿ ಸರಿಮಾಡುವ ಮೊದಲು ಮೀಟರ್ ಏಕೆ ಎಂದು ಜನ ಕೇಳುವುದು ಸಹಜ.

ಕಾನೂನು ಎಲ್ಲಿ ನಿಂತಿದೆ ಎಂಬುದನ್ನು ಮೊದಲು ತಿಳಿಯಬೇಕು, ಇಲ್ಲವಾದರೆ ಕಚೇರಿಯ ಮೇಜಿನ ಮುಂದೆ ಮಾತು ನಿಂತುಹೋಗುತ್ತದೆ. ಸರಿಯಾದ ಮೀಟರ್ ಇಲ್ಲದೆ ವಿದ್ಯುತ್ ಕೊಡಬಾರದು ಎನ್ನುತ್ತದೆ ಕಾಯ್ದೆಯ 55ನೇ ಕಲಂ. 2020ರ ಗ್ರಾಹಕರ ಹಕ್ಕುಗಳ ನಿಯಮಗಳು ಸ್ಮಾರ್ಟ್ ಪ್ರೀಪೇಯ್ಡ್ ಅಥವಾ ಪ್ರೀಪೇಯ್ಡ್ ಮೀಟರನ್ನೇ ಸಾಮಾನ್ಯ ನಿಯಮವಾಗಿಸಿ, ವಿನಾಯಿತಿ ಕೊಡುವ ಅಧಿಕಾರವನ್ನು ರಾಜ್ಯದ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗಕ್ಕೆ ಬಿಟ್ಟಿವೆ. ಕೇಂದ್ರ ಸರ್ಕಾರದ 2021ರ ಆಗಸ್ಟ್ ಅಧಿಸೂಚನೆ ಕೃಷಿ ಗ್ರಾಹಕರನ್ನು ಹೊರಗಿಟ್ಟು, ‘ಸಂವಹನ ಜಾಲ ಇರುವ ಪ್ರದೇಶಗಳಲ್ಲಿ’ ಎಂಬ ಷರತ್ತು ಹಾಕಿತು. ಈ ನಾಲ್ಕು ಪದಗಳನ್ನು ನೆನಪಿಟ್ಟುಕೊಳ್ಳಿ, ನೆಟ್‌ವರ್ಕ್ ಸಿಗದ ಜೊಯಿಡಾ, ಸಿದ್ದಾಪುರದ ಊರುಗಳವರಿಗೆ ಅವು ಬೇಕಾಗುತ್ತವೆ. ನಮ್ಮ ರಾಜ್ಯದಲ್ಲಿ ಹೊಸ ಮತ್ತು ತಾತ್ಕಾಲಿಕ ಸಂಪರ್ಕಗಳಿಗೆ ಮಾತ್ರ ಕಡ್ಡಾಯ, ಹಳೆಯ ಗ್ರಾಹಕರಿಗೆ ಅಲ್ಲ ಎಂದು ಇಂಧನ ಸಚಿವ ಕೆ.ಜೆ. ಜಾರ್ಜ್ 2025ರಲ್ಲಿ ಹೇಳಿದರು. ಹೀಗಾಗಿ ಹೊಸ ಮನೆ ಕಟ್ಟಿದವರ ದಾರಿ ಕಿರಿದು, ಹಳೆಯ ಮೀಟರ್ ಇರುವವರ ದಾರಿ ಅಗಲ. ಬೆಂಗಳೂರು ವ್ಯಾಪ್ತಿಯಲ್ಲಿ ಅದೇ ವರ್ಷ ಸಿಂಗಲ್ ಫೇಸ್ ಸ್ಮಾರ್ಟ್ ಮೀಟರಿಗೆ ಸುಮಾರು ಐದು ಸಾವಿರ ರೂಪಾಯಿ ಎಂದಾಗ ಎದ್ದ ಗದ್ದಲ ಎಲ್ಲರಿಗೂ ನೆನಪಿದೆ. ಹಿಂದಿನ ಮೀಟರ್ ಸಾವಿರದೊಳಗೆ ಸಿಗುತ್ತಿತ್ತು.

ಕೇಳಿದ್ದರಿಂದ ಏನೂ ಆಗುವುದಿಲ್ಲ ಎನ್ನುವವರಿಗೆ ಒಂದು ಮಾತು: ಮಹಾರಾಷ್ಟ್ರದಲ್ಲಿ ಜನರ ವಿರೋಧದ ನಂತರ, ಸಾಮಾನ್ಯ ಮನೆಗಳಿಗೆ ಪ್ರೀಪೇಯ್ಡ್ ಸ್ಮಾರ್ಟ್ ಮೀಟರ್ ಹಾಕುವುದಿಲ್ಲ ಎಂದು ಆಗಿನ ಉಪಮುಖ್ಯಮಂತ್ರಿ ದೇವೇಂದ್ರ ಫಡಣವೀಸ್ 2024ರ ಜೂನ್‌ನಲ್ಲಿ ಪ್ರಕಟಿಸಿದರು.

ಮೊದಲ ಕೆಲಸ ಜಗಲಿಯಲ್ಲಿ

ಕಚೇರಿಗೆ ಹೋಗುವ ಮೊದಲು ನಿಮ್ಮ ಮೀಟರಿನ ಮುಂದೆ ನಿಲ್ಲಿ. ಆರ್.ಆರ್. ಸಂಖ್ಯೆ (ಬಿಲ್ಲಿನಲ್ಲೂ ಇರುವ ನಿಮ್ಮ ಸಂಪರ್ಕದ ಸಂಖ್ಯೆ), ಮೀಟರ್ ಸಂಖ್ಯೆ, ಸೀಲುಗಳು, ಈಗಿನ ರೀಡಿಂಗ್, ಇಷ್ಟನ್ನೂ ಬೆಳಕಿನಲ್ಲಿ ಫೋಟೊ ತೆಗೆದುಕೊಳ್ಳಿ. ಹಿಂದಿನ 12 ತಿಂಗಳ ಬಿಲ್ಲು ಜೋಡಿಸಿ. ಬಿಲ್ಲಿನ ಕಾಗದದ ಅಕ್ಷರ ಬೇಗ ಮಾಸುತ್ತದೆ, ಆದ್ದರಿಂದ ಯೂನಿಟ್‌ಗಳನ್ನೂ ಕಟ್ಟಿದ ಮೊತ್ತವನ್ನೂ ಒಂದು ನೋಟ್‌ಬುಕ್‌ಗೆ ಇಳಿಸಿ. ನಂತರ ಒಂದು ವಾರ ಪ್ರತಿದಿನ ಒಂದೇ ಹೊತ್ತಿಗೆ ರೀಡಿಂಗ್ ಬರೆಯಿರಿ. ಮುಂದೆ ‘ಬಿಲ್ ಹೆಚ್ಚು ಬಂತು’ ಎಂದು ಹೇಳಬೇಕಾದರೆ, ಎಷ್ಟಕ್ಕಿಂತ ಹೆಚ್ಚು ಎಂಬುದಕ್ಕೆ ಈ ನೋಟ್‌ಬುಕ್ಕೇ ಸಾಕ್ಷಿ. ಗೃಹಜ್ಯೋತಿಯವರಿಗಂತೂ ಇದು ಇನ್ನೂ ಮುಖ್ಯ. ಅವರ ಉಚಿತ ಮಿತಿ 2022-23ರ ಸರಾಸರಿಯ ಲೆಕ್ಕದ ಮೇಲೆ ನಿಂತಿದೆ, 200 ಯೂನಿಟ್ ದಾಟಿದ ತಿಂಗಳು ಪೂರ್ತಿ ಬಿಲ್ ಕಟ್ಟಬೇಕು. 195 ಯೂನಿಟ್ ಬಳಸುವ ಮನೆಗೆ ಹೊಸ ಮೀಟರ್ ಆರು ಯೂನಿಟ್ ಹೆಚ್ಚು ತೋರಿಸಿದರೂ ಅದು ಸಣ್ಣ ಸಂಗತಿಯಲ್ಲ.

ಕೆಂಪು ದೀಪ ಎಣಿಸುವುದು

ಇದು ಮನೆಯಲ್ಲೇ ಮಾಡಬಹುದಾದ ಪರೀಕ್ಷೆ. ಎಲೆಕ್ಟ್ರಾನಿಕ್ ಮೀಟರಿನ ಮುಖದ ಮೇಲೆ ಒಂದು ಪುಟ್ಟ ಕೆಂಪು ದೀಪ ಮಿಟುಕುತ್ತಿರುತ್ತದೆ. ಒಂದು ಯೂನಿಟಿಗೆ ಎಷ್ಟು ಮಿಟುಕು ಎಂಬುದು ಅದರ ಪಕ್ಕದಲ್ಲೇ ಅಚ್ಚಾಗಿದೆ. 3200 ಎಂದಿದೆ ಎಂದುಕೊಳ್ಳೋಣ. ಮನೆಯ ಎಲ್ಲ ಸ್ವಿಚ್ ಆರಿಸಿ, ಫ್ರಿಜ್ ಮತ್ತು ಇನ್ವರ್ಟರನ್ನೂ ಬಿಡದೆ ಆರಿಸಿ. ಬಚ್ಚಲಿನಲ್ಲಿ ನೀರು ತುಂಬಿದ ಬಕೆಟ್‌ಗೆ ನೀರು ಕಾಯಿಸುವ 1000 ವಾಟ್‌ನ ಕಾಯಿಲ್ ಇಳಿಬಿಟ್ಟು, ಆಮೇಲೆ ಸ್ವಿಚ್ ಹಾಕಿ. ಆನ್ ಆಗಿರುವಾಗ ಬಕೆಟ್ ಮುಟ್ಟಬಾರದು, ಮಕ್ಕಳನ್ನು ದೂರವಿಡಿ. ಮೊಬೈಲಿನಲ್ಲಿ ಸರಿಯಾಗಿ ಮೂರು ನಿಮಿಷ ಮೀಟರಿನ ವಿಡಿಯೊ ತೆಗೆಯಿರಿ, ಎಣಿಕೆ ಆಮೇಲೆ ನಿಧಾನವಾಗಿ ಮಾಡಬಹುದು. ಮೂರು ನಿಮಿಷಕ್ಕೆ 0.05 ಯೂನಿಟ್, ಅಂದರೆ 160 ಮಿಟುಕು ಬರಬೇಕು.

ಎಣಿಸಿದಾಗ 110 ಮಾತ್ರ ಬಂದರೆ ಮೀಟರ್ ಕೆಟ್ಟಿದೆ ಎಂದು ತೀರ್ಮಾನಿಸಬೇಡಿ. ನಮ್ಮ ಹಳ್ಳಿಗಳಲ್ಲಿ ಸಂಜೆಯ ವೋಲ್ಟೇಜ್ 190ಕ್ಕೆ ಇಳಿಯುವುದುಂಟು. ಆಗ 230 ವೋಲ್ಟ್‌ಗೆ 1000 ವಾಟ್ ಎಳೆಯುವ ಕಾಯಿಲ್ ಸುಮಾರು 680 ವಾಟ್ ಮಾತ್ರ ಎಳೆಯುತ್ತದೆ. ಲೆಕ್ಕ ಸರಿಹೋಯಿತಲ್ಲ! ಪರದೆಯ ಮೇಲೆ ವೋಲ್ಟೇಜ್ ತೋರಿಸುವ ಮೀಟರ್ ಇದ್ದರೆ ಅದನ್ನೂ ಬರೆದಿಡಿ. ಇಂದು ಹಳೆಯ ಮೀಟರಿಗೆ ಮಾಡಿದ ಪರೀಕ್ಷೆಯನ್ನು ನಾಳೆ ಹೊಸದು ಬಂದರೆ ಅದಕ್ಕೂ, ಅದೇ ಕಾಯಿಲ್‌ನಿಂದ, ಅದೇ ಹೊತ್ತಿನಲ್ಲಿ ಮಾಡಿ.

ಹಿಸ್ಸೆಯಾದ ಮನೆಗಳವರು ಇದನ್ನು ಓದಲೇಬೇಕು

ನಮ್ಮ ಮನೆಯಲ್ಲೇ ಕಂಡದ್ದನ್ನು ಹೇಳುತ್ತೇನೆ. ಅಪ್ಪ, ಚಿಕ್ಕಪ್ಪ ಬೇರೆಯಾದಾಗ ನಡುವೆ ಗೋಡೆ ಎದ್ದಿತು, ಎರಡನೇ ಮೀಟರ್ ಬಂತು, ವೈರಿಂಗ್ ಮಾತ್ರ ಹಳೆಯದೇ ಉಳಿಯಿತು. ವರ್ಷಗಳ ನಂತರ ಚಿಕ್ಕಪ್ಪನ ಪಾಲಿಗೆ ಎಲೆಕ್ಟ್ರಾನಿಕ್ ಮೀಟರ್ ಕೂತಿತು. ಅವರು ಹುಬ್ಬಳ್ಳಿಯಲ್ಲಿ ಮಗನ ಮನೆಯಲ್ಲಿದ್ದ ದಿನಗಳವು. ಒಂದು ರಾತ್ರಿ ಅವರ ಜಗಲಿ ದಾಟುವಾಗ ಕತ್ತಲಲ್ಲಿ ಕೆಂಪು ಚುಕ್ಕೆ ಮಿಟುಕುತ್ತಿರುವುದು ಕಂಡಿತು. ಒಳಗೆ ಒಂದು ದೀಪವೂ ಉರಿಯುತ್ತಿರಲಿಲ್ಲ. ನಮ್ಮ ಕಡೆಯ ಮಿಕ್ಸರ್ ತಿರುಗಿದರೆ ಅವರ ಮೀಟರ್ ಜೋರಾಗಿ ಮಿಟುಕುತ್ತಿತ್ತು! ಮೆತ್ತಿನ ಮೇಲೆ ಹತ್ತಿ ನೋಡಿದಾಗ ಎರಡೂ ಮನೆಯ ನ್ಯೂಟ್ರಲ್ ತಂತಿಗಳು ಒಂದೇ ಗಂಟಿನಲ್ಲಿದ್ದವು.

ಹಳೆಯ ಚಕ್ರದ ಮೀಟರ್ ಒಂದೇ ತಂತಿಯ ಕರೆಂಟ್ ಅಳೆಯುತ್ತಿತ್ತು. ಈಗಿನವು ಹೋಗುವ ಫೇಸ್ ಮತ್ತು ಮರಳುವ ನ್ಯೂಟ್ರಲ್ ಎರಡನ್ನೂ ಅಳೆದು, ಯಾವುದು ಹೆಚ್ಚೋ ಅದನ್ನು ಲೆಕ್ಕಕ್ಕೆ ಹಿಡಿಯುತ್ತವೆ. ಕಳ್ಳತನ ತಡೆಯಲು ಮಾಡಿದ ಏರ್ಪಾಡು ಅದು. ಆದರೆ ನ್ಯೂಟ್ರಲ್ ಬೆರೆತ ಮನೆಯಲ್ಲಿ ಒಬ್ಬರ ಕರೆಂಟ್ ಇನ್ನೊಬ್ಬರ ಬಿಲ್ಲಿಗೆ ಏರುತ್ತದೆ. ಮಳೆಗಾಲದಲ್ಲಿ ಒದ್ದೆಯಾದ ಚಿರೇಕಲ್ಲಿನ ಗೋಡೆಯೊಳಗಿನ ಹಳೆಯ ತಂತಿಯಿಂದ ಸೋರುವ ಕರೆಂಟ್ ಕೂಡ ಹೀಗೆಯೇ ಲೆಕ್ಕಕ್ಕೆ ಬರುತ್ತದೆ. ಕುಮಟಾ, ಹೊನ್ನಾವರದ ಕರಾವಳಿಯ ಮನೆಗಳಲ್ಲಿ ಉಪ್ಪುಗಾಳಿಗೆ ತಂತಿಯ ಜೋಡಣೆಗಳು ಹಸಿರುಗಟ್ಟಿರುತ್ತವೆ, ಅವನ್ನೂ ನೋಡಿಸಿ. ಪತ್ತೆ ಹಚ್ಚುವುದು ಸುಲಭ: ಎಲ್ಲ ಸ್ವಿಚ್ ಆರಿಸಿದ ಮೇಲೂ ಮಿಟುಕುತ್ತಿದ್ದರೆ ಪರವಾನಗಿ ಇರುವ ಎಲೆಕ್ಟ್ರಿಷಿಯನ್ ಕರೆಸಿ. ಹೊಸ ಮೀಟರ್ ಬರುವ ಮೊದಲೇ ಇದನ್ನು ಮುಗಿಸಿಕೊಳ್ಳದಿದ್ದರೆ ನಿಮ್ಮ ದೂರು ‘ನಿಮ್ಮದೇ ವೈರಿಂಗ್ ದೋಷ’ ಎಂಬ ಒಂದು ವಾಕ್ಯಕ್ಕೆ ಬಿದ್ದುಹೋಗುತ್ತದೆ.

ಅರ್ಜಿ

ನಮ್ಮ ಜಿಲ್ಲೆಗೆ ವಿದ್ಯುತ್ ಕೊಡುವುದು ಹೆಸ್ಕಾಂ. ಅರ್ಜಿಯನ್ನು ನಿಮ್ಮ ಉಪವಿಭಾಗದ ಸಹಾಯಕ ಕಾರ್ಯನಿರ್ವಾಹಕ ಎಂಜಿನಿಯರ್ ಅವರಿಗೆ ಬರೆಯಿರಿ. ಒಕ್ಕಣೆ ಹೀಗಿರಲಿ:

‘ನಮ್ಮ ಆರ್.ಆರ್. ಸಂಖ್ಯೆಯ ಸ್ಥಾವರದಲ್ಲಿರುವ ಮೀಟರ್ ಸುಸ್ಥಿತಿಯಲ್ಲಿದ್ದು, ಬಿಲ್ ಬಾಕಿ ಇರುವುದಿಲ್ಲ. ಸದರಿ ಮೀಟರ್ ಬದಲಿಸುವ ಉದ್ದೇಶವಿದ್ದಲ್ಲಿ ಈ ಕೆಳಗಿನ ವಿಷಯಗಳಿಗೆ ಲಿಖಿತ ಹಿಂಬರಹ ನೀಡಿದ ನಂತರವೇ ಮುಂದುವರಿಯಬೇಕೆಂದು ಕೋರುತ್ತೇನೆ. ಅಲ್ಲಿಯವರೆಗೆ ನನ್ನ ಆಕ್ಷೇಪಣೆಯನ್ನು ದಾಖಲಿಸಿಕೊಳ್ಳಬೇಕು.’

ಅದರ ಕೆಳಗೆ ಪ್ರಶ್ನೆಗಳು. ಯಾವ ಆದೇಶದ ಅಡಿಯಲ್ಲಿ ಬದಲಾವಣೆ? ಹಳೆಯ ಗ್ರಾಹಕರಿಗೆ ಅದು ಕಡ್ಡಾಯವೇ? ಮೀಟರಿನ ವೆಚ್ಚ ಯಾರದು, ಮುಂದೆ ಕೆಟ್ಟರೆ ಯಾರದು? ಪ್ರೀಪೇಯ್ಡೋ, ಪೋಸ್ಟ್‌ಪೇಯ್ಡೋ? ಪ್ರೀಪೇಯ್ಡ್ ಆದರೆ ನನ್ನ ಠೇವಣಿ ಯಾವಾಗ ಮರಳುತ್ತದೆ? ಪ್ರೀಪೇಯ್ಡ್ ಮೀಟರಿಗೆ ಒಪ್ಪಿದವರಿಂದ ಭದ್ರತಾ ಠೇವಣಿ ಕೇಳುವಂತಿಲ್ಲ ಎಂದು ಕಾಯ್ದೆಯ 47ನೇ ಕಲಂ ಹೇಳುತ್ತದೆ. ಕೊನೆಯ ಪ್ರಶ್ನೆ: ಮೀಟರ್ ಇರುವ ಜಾಗದಲ್ಲಿ ನೆಟ್‌ವರ್ಕ್ ಇದೆಯೇ ಎಂದು ಯಾರು, ಯಾವಾಗ ಪರಿಶೀಲಿಸಿದರು?

ಎರಡು ಪ್ರತಿ ಒಯ್ಯಿರಿ. ಒಂದನ್ನು ಟಪಾಲಿಗೆ ಕೊಟ್ಟು, ಇನ್ನೊಂದರ ಮೇಲೆ ಸೀಲು, ದಿನಾಂಕ, ಸಹಿ ಪಡೆಯಿರಿ. ಸೀಲು ಸಿಗದಿದ್ದರೆ ವಾದ ಬೇಡ, ಅಂಚೆ ಕಚೇರಿಗೆ ಹೋಗಿ ಸ್ಪೀಡ್ ಪೋಸ್ಟ್‌ನಲ್ಲಿ ಕಳುಹಿಸಿ ರಸೀದಿ ಇಟ್ಟುಕೊಳ್ಳಿ. ಊರಿನ ಇಪ್ಪತ್ತು ಮನೆಯವರು ಸೇರಿದರೂ ಒಂದೇ ಅರ್ಜಿಗೆ ಇಪ್ಪತ್ತು ಸಹಿ ಹಾಕಬೇಡಿ. ಇಪ್ಪತ್ತು ಅರ್ಜಿ ಕೊಟ್ಟರೆ ಇಪ್ಪತ್ತು ಹಿಂಬರಹ ಬರೆಯಬೇಕಾಗುತ್ತದೆ.

ಮೀಟರ್ ಹಿಡಿದು ಬಾಗಿಲಿಗೆ ಬಂದರೆ

ಗುರುತಿನ ಚೀಟಿ ಕೇಳಿ, ಆದೇಶದ ಪ್ರತಿ ಕೇಳಿ, ನಿಮ್ಮ ಅರ್ಜಿಯ ಸೀಲು ಬಿದ್ದ ಪ್ರತಿ ತೋರಿಸಿ. ಬಂದವರು ಗುತ್ತಿಗೆಯ ಹುಡುಗರಾಗಿರಬಹುದು. ಬಿಸಿಲಿನಲ್ಲಿ ಕಂಬ ಹತ್ತಿ ಬಂದವರಿಗೆ ಮಜ್ಜಿಗೆ ಕೊಡಿ, ಬೈಯಬೇಡಿ. ಅವರು ಈ ನೀತಿ ಮಾಡಿದವರಲ್ಲ. ಮೀಟರ್ ಒಡೆಯುವುದು, ಸೀಲು ಕೀಳುವುದು ಎಂದೂ ಬೇಡ. 138ನೇ ಕಲಂನಲ್ಲಿ ಅದಕ್ಕೆ ಮೂರು ವರ್ಷದವರೆಗೆ ಜೈಲು ಇದೆ. ಬದಲಿಸಿಯೇ ಹೋಗುತ್ತೇವೆ ಎಂದರೆ ಹಳೆಯ ಮೀಟರಿನ ಕೊನೆಯ ರೀಡಿಂಗ್, ಹೊಸದರ ಮೊದಲ ರೀಡಿಂಗ್ ಎರಡರ ಫೋಟೊ ತೆಗೆದು, ಬದಲಾವಣೆ ವರದಿಯಲ್ಲಿ ‘ಆಕ್ಷೇಪಣೆಯೊಂದಿಗೆ’ ಎಂದು ಬರೆದು ಅದರ ಕೆಳಗೆ ಸಹಿ ಹಾಕಿ. ಖಾಲಿ ನಮೂನೆಗೆ ಸಹಿ ಬೇಡ.

ಬಿಲ್ ನಿಲ್ಲಿಸಬೇಡಿ

ಅಂಕೋಲೆ, ಸಿದ್ದಾಪುರದ ಕರನಿರಾಕರಣೆಯ ಕಥೆ ಕೇಳಿ ಬೆಳೆದ ನಮಗೆ ಹಣ ತಡೆಹಿಡಿಯುವುದೇ ಹೋರಾಟ ಎನಿಸುತ್ತದೆ. ಇಲ್ಲಿ ಅದು ನಡೆಯದು. ಬಾಕಿ ಉಳಿದರೆ 15 ದಿನಗಳ ಲಿಖಿತ ನೋಟಿಸ್ ಕೊಟ್ಟು ಸಂಪರ್ಕ ಕಡಿಯುವ ಅಧಿಕಾರ 56ನೇ ಕಲಂನಲ್ಲಿದೆ. ಆದರೆ ಅದೇ ಕಲಂ ನಿಮಗೂ ಒಂದು ಬಾಗಿಲು ತೆರೆದಿಟ್ಟಿದೆ: ಬಿಲ್ ಬಗ್ಗೆ ತಕರಾರಿದ್ದರೆ ಕೇಳಿದ ಮೊತ್ತ ಅಥವಾ ಹಿಂದಿನ ಆರು ತಿಂಗಳು ಕಟ್ಟಿದ ಸರಾಸರಿ ಮೊತ್ತ, ಇವೆರಡರಲ್ಲಿ ಕಡಿಮೆಯದನ್ನು ಪ್ರತಿಭಟನೆಯೊಂದಿಗೆ ಕಟ್ಟಿದರೆ ವ್ಯಾಜ್ಯ ತೀರುವವರೆಗೆ ಸಂಪರ್ಕ ಕಡಿಯುವಂತಿಲ್ಲ. ನೋಟ್‌ಬುಕ್ಕಿನಲ್ಲಿ ಬರೆದಿಟ್ಟ ಆರು ತಿಂಗಳು ಇಲ್ಲಿ ಕೆಲಸಕ್ಕೆ ಬರುತ್ತದೆ.

ಹೊಸ ಮೀಟರ್ ಕೂತ ಮೇಲೆ ಬಿಲ್ ಏರಿದರೆ 1912ಕ್ಕೆ ಕರೆ ಮಾಡಿ ದೂರು ಸಂಖ್ಯೆ ಬರೆದುಕೊಳ್ಳಿ, ಅದೇ ದಿನ ಲಿಖಿತ ದೂರನ್ನೂ ಕೊಡಿ. ಗ್ರಾಹಕರ ಹಕ್ಕುಗಳ ನಿಯಮಗಳ 2024ರ ಫೆಬ್ರುವರಿ ತಿದ್ದುಪಡಿಯ ಪ್ರಕಾರ, ರೀಡಿಂಗ್ ಬಳಕೆಗೆ ಹೊಂದುತ್ತಿಲ್ಲ ಎಂದು ದೂರು ಬಂದ ಐದು ದಿನಗಳಲ್ಲಿ ಇನ್ನೊಂದು ಮೀಟರ್ ಹಾಕಿ ಕನಿಷ್ಠ ಮೂರು ತಿಂಗಳು ತಾಳೆ ನೋಡಬೇಕು. ‘ಪಕ್ಕದಲ್ಲಿ ತಪಾಸಣಾ ಮೀಟರ್ ಹಾಕಿ’ ಎಂದು ಹೆಸರಿಟ್ಟು ಕೇಳಿ, ಬಹಳ ಜನ ಕೇಳುವುದೇ ಇಲ್ಲ. ಸ್ಮಾರ್ಟ್ ಮೀಟರ್ ತೋರಿಸಿದ ಗರಿಷ್ಠ ಬೇಡಿಕೆಯನ್ನು, ಅಂದರೆ ಮನೆ ಒಂದೇ ಹೊತ್ತಿಗೆ ಎಳೆದ ಅತಿ ಹೆಚ್ಚು ವಿದ್ಯುತ್ತನ್ನು ಹಿಡಿದು, ಅದು ಕೂರುವ ಮೊದಲಿನ ತಿಂಗಳುಗಳಿಗೆ ದಂಡ ಹಾಕುವಂತೆಯೂ ಇಲ್ಲ, ಇದು ಅದೇ ನಿಯಮಗಳ 2023ರ ತಿದ್ದುಪಡಿ.

ಉಪವಿಭಾಗದಲ್ಲಿ ಉತ್ತರ ಸಿಗದಿದ್ದರೆ ಗ್ರಾಹಕರ ಕುಂದುಕೊರತೆ ನಿವಾರಣಾ ವೇದಿಕೆ, ಅದರ ಮೇಲೆ ವಿದ್ಯುತ್ ಒಂಬುಡ್ಸ್‌ಮನ್. ಆದೇಶದ ಪ್ರತಿಯನ್ನೇ ಕೊಡದಿದ್ದರೆ ಮಾಹಿತಿ ಹಕ್ಕಿನಲ್ಲಿ ಹತ್ತು ರೂಪಾಯಿ ಕಟ್ಟಿ ಕೇಳಿ. ನಮ್ಮ ರಾಜ್ಯದ ನಿಯಮದಂತೆ ಅರ್ಜಿ ಒಂದೇ ವಿಷಯಕ್ಕೆ ಸೀಮಿತವಾಗಿ 150 ಪದಗಳೊಳಗೆ ಇರಬೇಕು. ಉದ್ದ ಬರೆದು ತಿರಸ್ಕಾರಕ್ಕೆ ನೆಪ ಕೊಡಬೇಡಿ.

ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ ದರ ಪರಿಷ್ಕರಣೆಗೆ ಮೊದಲು ಜನರ ಆಕ್ಷೇಪಣೆ ಕೇಳುತ್ತದೆ. ಪತ್ರಿಕೆಯಲ್ಲಿ ಬರುವ ಆ ಪ್ರಕಟಣೆಯನ್ನು ನಮ್ಮಲ್ಲಿ ಯಾರೂ ಓದುವುದಿಲ್ಲ. ವಿಚಾರಣೆಗೆ ವಕೀಲರು ಬೇಕಿಲ್ಲ, ಕನ್ನಡದಲ್ಲೇ ಬರೆಯಬಹುದು, ಕನ್ನಡದಲ್ಲೇ ಮಾತನಾಡಬಹುದು. ನೆಟ್‌ವರ್ಕ್ ಇಲ್ಲದ ಊರುಗಳ ಮಾತು ಹೇಳಬೇಕಾದದ್ದು ಅಲ್ಲಿಯೇ. ಕರೆ ಮಾಡಲು ಗುಡ್ಡದ ನೆತ್ತಿ ಹತ್ತಬೇಕಾದ ಕೇರಿಯವರು, ಮೀಟರ್ ಮತ್ತು ಸಿಗ್ನಲ್ ಇಲ್ಲದ ಮೊಬೈಲ್ ಪರದೆ ಎರಡೂ ಒಟ್ಟಿಗೆ ಕಾಣುವಂತೆ ಇನ್ನೊಬ್ಬರ ಫೋನಿನಿಂದ ಫೋಟೊ ತೆಗೆಸಿ. ಬೇಸಿಗೆಯಲ್ಲಿ ಒಮ್ಮೆ, ಜುಲೈನ ಮಳೆಯಲ್ಲಿ ಒಮ್ಮೆ. ಫೋಟೊದ ಹಿಂಬದಿಗೆ ದಿನಾಂಕ ಬರೆದು, ಮನೆಯ ಆರ್.ಆರ್. ಸಂಖ್ಯೆ ಹಾಕಿ, ಆಕ್ಷೇಪಣೆಗೆ ಲಗತ್ತಿಸಿ. ಒಂದು ಪ್ರತಿ ಮನೆಯಲ್ಲಿರಲಿ.