ನನಗೇನು ಬೇಕೆಂದು ನನಗೇ ತಿಳಿಯದೆ ಹೋದಾಗ

ಮದುವೆಯಾಗಿ ಧಾರವಾಡದಿಂದ ಮೈಸೂರಿಗೆ ಬಂದ ಹನ್ನೊಂದನೆಯ ವರ್ಷದಲ್ಲಿ, ತಂಗಿಯ ಜೊತೆ ಹೋಟೆಲೊಂದರಲ್ಲಿ ಕುಳಿತಿದ್ದಾಗ ಅವಳು ‘ನಿನಗೇನ್ ಬೇಕು ಹೇಳಕ್ಕಾ’ ಎಂದಳು. ‘ನೀ ಏನ್ ತಗೋತಿ, ಅದೇ ಇರಲಿ’ ಎಂದೆ. ಅವಳು ಬಿಡದೆ ಮತ್ತೆ ಕೇಳಿದಾಗ ಕಣ್ಣು ತುಂಬಿ ಬಂತು. ಸಂಕೋಚದಿಂದ ಹೇಳದೆ ಇದ್ದುದಲ್ಲ. ತಿಂಡಿಗಳ ಪಟ್ಟಿಯನ್ನು ಎರಡು ಸಲ ಓದಿದರೂ ನನಗೆ ಬೇಕಾದುದು ಯಾವುದೆಂದು ನಿಜವಾಗಿಯೂ ಹೊಳೆಯಲಿಲ್ಲ.

ಈ ಸ್ಥಿತಿಗೆ ಯಾರೂ ನನ್ನನ್ನು ದೂಡಿರಲಿಲ್ಲ. ಬಂದ ಹೊಸತರಲ್ಲಿ ನಾನು ‘ಹೌದ್ರಿ’, ‘ಬ್ಯಾಡ್ರಿ’ ಎಂದರೆ ಮನೆಯವರು ಅಕ್ಕರೆಯಿಂದಲೇ ನಗುತ್ತಿದ್ದರು. ಆ ನಗುವಿಗೆ ಅಂಜಿ ಮೂರೇ ತಿಂಗಳಲ್ಲಿ ಮಾತಿನ ಧಾಟಿಯನ್ನು ಬದಲಿಸಿಕೊಂಡೆ. ಜೋಳದ ರೊಟ್ಟಿ ಅವರಿಗೆ ಗಟ್ಟಿಯೆನಿಸಿತು, ಮಾಡುವುದನ್ನೇ ಬಿಟ್ಟೆ. ಶಾಲೆಯಲ್ಲಿ ಸಹೋದ್ಯೋಗಿಗಳ ತರಗತಿಗಳನ್ನು, ನಾದಿನಿಯ ಮನೆಯ ಶುಭಕಾರ್ಯಗಳ ಓಡಾಟವನ್ನು ‘ಪರವಾಗಿಲ್ಲ’ ಎನ್ನುತ್ತಲೇ ಹೊತ್ತುಕೊಂಡೆ. ಹೊಂದಿಕೊಂಡು ಹೋಗುವ ಹೆಣ್ಣುಮಗಳು ಎಂದು ಯಾರಾದರೂ ಹೊಗಳಿದರೆ ಹಿಗ್ಗುತ್ತಿದ್ದೆ.

2023ರ ಮಳೆಗಾಲದಲ್ಲಿ ನಿದ್ದೆ ಪೂರ್ತಿ ಕೆಟ್ಟಾಗ, ಒಂದು ರಾತ್ರಿ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ ಕನ್ನಡದಲ್ಲಿಯೇ ಎಲ್ಲವನ್ನೂ ಹೇಳಿಕೊಂಡೆ. ಅವರ ಸಲಹೆಯಂತೆ ಕಂಡ ಆಪ್ತಸಮಾಲೋಚಕರು, ಬ್ರಿಟನ್ನಿನ ಮಕ್ಕಳ ವೈದ್ಯರೂ ಮನೋವಿಶ್ಲೇಷಕರೂ ಆಗಿದ್ದ ಡೊನಾಲ್ಡ್ ವಿನ್ನಿಕಾಟ್ 1960ರಲ್ಲಿ ಬರೆದ ಪ್ರಬಂಧವೊಂದರ ವಿಚಾರವನ್ನು ತಿಳಿಸಿದರು: ಪರರ ಅಪೇಕ್ಷೆಗೆ ಒಗ್ಗಿಕೊಳ್ಳುವ ಹುಸಿ ವ್ಯಕ್ತಿತ್ವವೊಂದು, ಒಳಗಿರುವ ನಿಜವಾದುದನ್ನು ಮರೆಮಾಡಿ ಕಾಪಾಡುವುದಕ್ಕೆಂದೇ ಬೆಳೆಯುತ್ತದೆ. ಕಾಪಾಡುತ್ತದೆ ಎಂದಾದರೆ ಒಳಗೆ ಇನ್ನೂ ಏನೋ ಉಳಿದಿದೆ ಎಂದಾಯಿತಲ್ಲ ಎಂಬ ಒಂದೇ ಆಸೆಯಿಂದ ನಾನು ಕೆಲಸಕ್ಕೆ ತೊಡಗಿದೆ.

ಚಿಕ್ಕ ನೋಟ್‌ಬುಕ್ಕಿನ ಎಡಗಡೆ ದಿನಕ್ಕೆ ಎಷ್ಟು ಬಾರಿ ‘ಆಗಲಿ’ ಎಂದೆ ಎಂಬುದನ್ನೂ ಬಲಗಡೆ ಆಗ ನನಗೆ ಬೇಕಿದ್ದುದನ್ನೂ ಬರೆಯತೊಡಗಿದೆ. ಮೊದಲ ವಾರ ಎಡಗಡೆ 63 ‘ಆಗಲಿ’ಗಳಾದವು, ಬಲಗಡೆ ಬಹುಪಾಲು ಖಾಲಿಯೇ ಉಳಿಯಿತು. ಜೊತೆಗೆ, ಯಾರೇನು ಕೇಳಿದರೂ ಒಡನೆ ಒಪ್ಪದೆ ‘ಸಂಜೆ ಹೇಳುತ್ತೇನೆ’ ಎನ್ನುವ ರೂಢಿ ಮಾಡಿಕೊಂಡೆ. ಹೇಳಲು ಸುಲಭವಾದ ಆ ಎರಡು ಪದಗಳನ್ನು ಆಡಿದ ಮೇಲೆ ಸಂಜೆಯವರೆಗೂ ಎದೆ ಹೊಡೆದುಕೊಳ್ಳುತ್ತಿತ್ತು.

ಬಲಗಡೆಯ ಪುಟ ತುಂಬತೊಡಗಿದ್ದು ರೊಟ್ಟಿಯಿಂದ. ತವರಿನಿಂದ ತರಿಸಿದ ಜೋಳದ ಹಿಟ್ಟಿಗೆ ಕುದಿಯುವ ನೀರು ಹಾಕಿ, ಬಿಸಿಯಿರುವಾಗಲೇ ಅಂಗೈಯಿಂದ ಒತ್ತಿ ಒತ್ತಿ ನಾದಿ, ಹಿಟ್ಟು ಉದುರಿಸಿದ ಮಣೆಯ ಮೇಲೆ ಬಡಿಯಲು ಕುಳಿತರೆ, ಕೈಗೆ ಅಭ್ಯಾಸ ತಪ್ಪಿದ್ದರಿಂದ ಮೊದಲಿನ ಮೂರು ಅಂಚೊಡೆದು ಹರಿದವು. ನಾಲ್ಕನೆಯದನ್ನು ಹಂಚಿನ ಮೇಲೆ ಹಾಕಿ, ಒದ್ದೆ ಬಟ್ಟೆಯಿಂದ ಮೇಲ್ಮೈ ಸವರಿ ಮಗುಚಿದಾಗ ಅದು ಉಬ್ಬಿತು. ಗುರೆಳ್ಳು ಪುಡಿ, ಗಟ್ಟಿ ಮೊಸರು, ಹಸಿ ಈರುಳ್ಳಿಯೊಂದಿಗೆ ಅಡುಗೆಮನೆಯಲ್ಲಿ ನಿಂತೇ ತಿಂದೆ. ಇದು ನನಗೆ ಇಷ್ಟ ಎಂದು ಮನಸ್ಸು ಯೋಚಿಸುವುದಕ್ಕೂ ಮೊದಲು ನಾಲಿಗೆ ಹೇಳಿತ್ತು. ಕಳೆದುಹೋದ ಇಷ್ಟಗಳನ್ನು ದೊಡ್ಡ ಪ್ರಶ್ನೆಗಳಲ್ಲಿ ಹುಡುಕದೆ ಉಪ್ಪು, ಖಾರ, ಬಣ್ಣ, ನಿದ್ದೆಯ ಹೊತ್ತು ಇಂಥವುಗಳಿಂದ ಆರಂಭಿಸಬೇಕೆಂದು ನಾನು ಕಂಡುಕೊಂಡದ್ದು ಹೀಗೆ.

ಅಷ್ಟರಲ್ಲಿ ಒಳಬಂದ ಅತ್ತೆಯವರು ಒಂದು ತುಂಡು ಮುರಿದು ಬಾಯಿಗಿಟ್ಟು, ‘ಇಷ್ಟು ಇಷ್ಟ ಇದ್ರೆ ಇಷ್ಟು ವರ್ಷ ಯಾಕಮ್ಮ ಮಾಡ್ಲಿಲ್ಲ?’ ಎಂದು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ. ಮನೆಯವರಿಗಾಗಿ ಎಲ್ಲವನ್ನೂ ಕೊಟ್ಟೆನೆಂದು ನಂಬಿದ್ದ ನಾನು, ನನ್ನನ್ನು ಅರಿಯುವ ಅವಕಾಶವನ್ನು ಮಾತ್ರ ಅವರಿಗೆ ಕೊಟ್ಟಿರಲಿಲ್ಲ. ಹನ್ನೊಂದು ವರ್ಷ ಅವರು ಪಾಪ, ತಲೆಯಾಡಿಸುವ ಒಬ್ಬ ಅಪರಿಚಿತಳೊಂದಿಗೆ ಬಾಳಿದ್ದರು.

ಎಲ್ಲವೂ ಹೀಗೆ ಹಿತವಾಗಿ ನಡೆಯಲಿಲ್ಲ. ನಾದಿನಿಯ ಗೃಹಪ್ರವೇಶಕ್ಕೆ ಹತ್ತು ದಿನ ರಜೆ ಹಾಕಲಾಗದು, ಮೂರು ದಿನ ಬರುತ್ತೇನೆ ಎಂದಾಗ ಅವಳು ಮಾತು ಬಿಟ್ಟಳು. ಕರೆ ಮಾಡಿ ಕ್ಷಮೆ ಕೇಳಿಬಿಡೋಣವೆಂದು ಎಷ್ಟೋ ಬಾರಿ ಫೋನು ಕೈಗೆತ್ತಿಕೊಂಡು ಕೆಳಗಿಟ್ಟೆ. ಎರಡು ತಿಂಗಳ ನಂತರ ಅವಳೇ ಕರೆ ಮಾಡಿ, ಮಗಳ ಗಣಿತದ ಪಾಠಕ್ಕೆ ಭಾನುವಾರ ಬಿಡುವಿದೆಯೇ ಎಂದು ಕೇಳಿದಳು. ‘ಸಂಜೆ ಹೇಳ್ತೀನಿ’ ಎಂದೆ. ‘ಆಯ್ತು, ಯೋಚಿಸಿ ಹೇಳಿ ಅತ್ತಿಗೆ’ ಎಂದಳು.