ಕುರುಳಿಗೆ ಕಾವು ಬೇಡ: ಗುಂಗುರು ಕೂದಲನ್ನು ಒದ್ದೆಯಲ್ಲೇ ಪಳಗಿಸುವ ಬಗೆ

ಕಳೆದ ವರ್ಷ ಆಟಿ ತಿಂಗಳ ಜಡಿಮಳೆಯಲ್ಲಿ ತಂಗಿಯ ಮಗಳು ನಮ್ಮ ಮನೆಗೆ ಬಂದಿದ್ದಳು. ಕಾಸರಗೋಡು ಜಿಲ್ಲೆಯ ಪೆರ್ಲದಲ್ಲಿ ಬಸ್ಸಿಳಿದರೆ ಹತ್ತು ನಿಮಿಷದ ದಾರಿ. ಕೊಡೆ ಹಿಡಿದೇ ಬಂದಿದ್ದಳು. ಆದರೂ ಜಗಲಿ ಹತ್ತುವಷ್ಟರಲ್ಲಿ ನೆತ್ತಿಯಿಂದ ನಾಲ್ಕು ಬೆರಳಿನಷ್ಟು ಕೂದಲು ಅಲೆ ಅಲೆಯಾಗಿ ಎದ್ದು ನಿಂತಿತ್ತು, ಅದರ ಕೆಳಗಿನದೆಲ್ಲ ಕಡ್ಡಿಯ ಹಾಗೆ ನೆಟ್ಟಗೆ ಇಳಿಬಿದ್ದಿತ್ತು. ಒಂದೇ ತಲೆಯಲ್ಲಿ ಇಬ್ಬರ ಕೂದಲು.

“ದೊಡ್ಡಮ್ಮ, ಅಕ್ಕನ ಮದುವೆಗೆ ಅಂತ ಪಾರ್ಲರಿನಲ್ಲಿ ನೇರ ಮಾಡಿಸಿದ್ದು. ಆರು ತಿಂಗಳಾಯಿತು. ಇನ್ನು ಎಂತ ಮಾಡುವುದು?”

ತುದಿಯನ್ನು ಬೆರಳಲ್ಲಿ ಹಿಡಿದು ನೋಡಿದೆ. ತೆಂಗಿನ ನಾರನ್ನು ಮುಟ್ಟಿದ ಹಾಗಿತ್ತು. ಒಂದೊಂದು ಎಳೆಯೂ ಕೊನೆಯಲ್ಲಿ ಎರಡಾಗಿ, ಮೂರಾಗಿ ಸೀಳಿತ್ತು. ಆ ಹುಡುಗಿಗೆ ಹುಟ್ಟಿನಿಂದ ಬಂದದ್ದು ನನ್ನ ಅಮ್ಮನ ಕೂದಲು, ಹಣೆಯ ಮೇಲೆ ತಾನಾಗಿಯೇ ಸುತ್ತಿಕೊಳ್ಳುವ ಮುಂಗುರುಳು. ಅದನ್ನು ಸುಟ್ಟು ನೇರ ಮಾಡಿದ್ದು ನೋಡಿ ನನಗೆ ನಿಜವಾಗಿಯೂ ಸಂಕಟವಾಯಿತು. ಅವಳಿಗೆ ಹೇಳಿಕೊಟ್ಟದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಎಲ್ಲಕ್ಕಿಂತ ಮೊದಲು ಒಂದು ಮಾತು ತಿಳಿದಿರಬೇಕು: ಕುರುಳು ಕೂರುವುದೂ ಕೆಡುವುದೂ ಕೂದಲು ಒದ್ದೆಯಿಂದ ಒಣಗುವ ಆ ಒಂದೆರಡು ಗಂಟೆಯಲ್ಲಿ. ಕೂದಲು ಕೆರಾಟಿನ್ ಎಂಬ ಪ್ರೋಟೀನಿನಿಂದ ಆದದ್ದು. ಅದರೊಳಗಿನ ಎಳೆಗಳನ್ನು ಹಿಡಿದಿಡುವ ಬೆಸುಗೆಗಳಲ್ಲಿ ಮುಖ್ಯವಾದವು ಎರಡು. ಗಂಧಕದ ಬೆಸುಗೆ ಗಟ್ಟಿ, ನೀರಿಗೆ ಜಗ್ಗುವುದಿಲ್ಲ. ಹೈಡ್ರೋಜನ್ ಬೆಸುಗೆ ಸಡಿಲ. ನೀರು ಸೋಕಿದರೆ ಬಿಚ್ಚಿಕೊಳ್ಳುತ್ತದೆ, ಒಣಗುವ ಹೊತ್ತಿಗೆ ಕೂದಲು ಯಾವ ಆಕಾರದಲ್ಲಿದೆಯೋ ಅದೇ ಆಕಾರದಲ್ಲಿ ಮತ್ತೆ ಕೂಡಿಕೊಳ್ಳುತ್ತದೆ. ರಾತ್ರಿ ಒದ್ದೆ ಜಡೆ ಹಾಕಿ ಮಲಗಿದರೆ ಬೆಳಿಗ್ಗೆ ಅಲೆ ಮೂಡಿರುವುದು ಇದರಿಂದಲೇ. ಇದಕ್ಕೆ ಬಿಸಿ ಬೇಕಾಗಿಯೇ ಇಲ್ಲ. ಸ್ಟ್ರೈಟ್ನರ್, ಕರ್ಲರ್‌ಗಳು ಸಾಮಾನ್ಯವಾಗಿ 180ರಿಂದ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯುತ್ತವೆ. ಹಲಸಿನ ಹಪ್ಪಳ ಕರಿಯುವ ಎಣ್ಣೆಯ ಬಿಸಿ ಅದು. ಆ ಬಿಸಿಗೆ ಕೂದಲೊಳಗಿನ ನೀರು ಆವಿಯಾಗಿ ಹೊರಗೆ ನುಗ್ಗುತ್ತದೆ, ಮೇಲಿನ ಪದರ ಬಿರಿಯುತ್ತದೆ, ಕೆರಾಟಿನ್ನೇ ಕೆಡುತ್ತದೆ.

ಸುಟ್ಟದ್ದನ್ನು ಕತ್ತರಿಸಿ

ಹೀಗೆ ಕೆಟ್ಟ ಕೂದಲಿಗೆ ಎಣ್ಣೆ ಹಚ್ಚಿದರೂ ಲೇಪ ಹಾಕಿದರೂ ಹಳೆಯ ಗುಂಗುರು ಮರಳುವುದಿಲ್ಲ. ಬುಡದಿಂದ ಹೊಸದಾಗಿ ಬರುವ ಕೂದಲಿನಲ್ಲಿ ಮಾತ್ರ ಕುರುಳು ಇರುತ್ತದೆ. ತಲೆಗೂದಲು ತಿಂಗಳಿಗೆ ಸುಮಾರು 1 ಸೆಂಟಿಮೀಟರ್ ಬೆಳೆಯುತ್ತದೆ. ಎರಡು ಮೂರು ತಿಂಗಳಿಗೊಮ್ಮೆ ಎರಡು ಬೆರಳಿನಷ್ಟು ತುದಿ ಕತ್ತರಿಸುತ್ತಾ ಬಂದರೆ ಉದ್ದವೂ ಒಮ್ಮೆಲೇ ಹೋಗುವುದಿಲ್ಲ, ಸೀಳೂ ಮೇಲಕ್ಕೆ ಹತ್ತುವುದಿಲ್ಲ.

ನಿಮ್ಮ ಕೂದಲು ನಿಜಕ್ಕೂ ಎಷ್ಟು ಸುತ್ತುತ್ತದೆ ಎಂದು ಗೊತ್ತಿಲ್ಲದಿದ್ದರೆ ರಜೆಯ ದಿನ ತಲೆಗೆ ಮಿಂದು, ಎಣ್ಣೆಯನ್ನೂ ಬಾಚಣಿಗೆಯನ್ನೂ ಸೋಕಿಸದೆ ಒಣಗಲು ಬಿಡಿ. ಕೆಲವರದು ಕಡಲ ತೆರೆಯ ಹಾಗೆ ಮೆಲ್ಲಗೆ ಬಾಗುತ್ತದೆ, ಕೆಲವರದು ಬಳ್ಳಿಯ ಕುಡಿಯ ಹಾಗೆ ಸುತ್ತಿಕೊಳ್ಳುತ್ತದೆ. ಬಾಚಿ ಬಾಚಿ “ನನ್ನದು ನೇರವೂ ಅಲ್ಲ, ಗುಂಗುರೂ ಅಲ್ಲ, ಬರೀ ಪೊದೆ” ಎನ್ನುವ ಎಷ್ಟೋ ಮಂದಿಗೆ ಒಳ್ಳೆಯ ಅಲೆಗೂದಲು ಇರುತ್ತದೆ. ನಮ್ಮ ನೆರೆಯ ಮಲಯಾಳಿಗಳು ಚುರುಳನ್ ಮುಡಿ ಎಂದು ಅಕ್ಕರೆಯಿಂದ ಕರೆಯುವುದನ್ನು ನಾವು ಕುರುಳು ಎನ್ನುತ್ತೇವೆ. ಇಷ್ಟು ಚಂದದ ಮಾತು ಇರುವಾಗ ಮಕ್ಕಳ ತಲೆಯನ್ನು ಹಕ್ಕಿಗೂಡು ಎಂದು ಯಾಕೆ ಹೀಗಳೆಯಬೇಕು?

ಎಣ್ಣೆ ಮೀಯುವ ಮೊದಲು, ಮಿಂದ ಮೇಲಲ್ಲ

ನೇರ ಕೂದಲಿನಲ್ಲಿ ನೆತ್ತಿಯ ಜಿಡ್ಡು ಸುಲಭವಾಗಿ ತುದಿಗೆ ಇಳಿಯುತ್ತದೆ. ಸುರುಳಿಯಲ್ಲಿ ಅದಕ್ಕೆ ತಿರುವು ತಿರುವಿನ ದಾರಿ. ಅದಕ್ಕೇ ಗುಂಗುರು ಕೂದಲಿನ ಬುಡ ಜಿಡ್ಡಾಗಿದ್ದರೂ ತುದಿ ಒಣಗಿರುತ್ತದೆ. ಇದಕ್ಕೆ ಮದ್ದು ನಮ್ಮ ಹಿತ್ತಿಲಲ್ಲೇ ಇದೆ. ಕಾಸರಗೋಡಿನಲ್ಲಿ ತೆಂಗಿನ ಸಂಶೋಧನೆ ಶುರುವಾದದ್ದು 1916ರಲ್ಲಿ, ನಮಗಂತೂ ತೆಂಗಿನೆಣ್ಣೆಯ ಗುಣವನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಈ ಎಣ್ಣೆಯಲ್ಲಿರುವ ಲಾರಿಕ್ ಆಮ್ಲ ಕೂದಲಿನ ಒಳಕ್ಕೆ ಇಳಿಯಬಲ್ಲದು. ತೊಳೆಯುವಾಗ ಪ್ರೋಟೀನ್ ಸೋರಿ ಹೋಗುವುದನ್ನು ಅದು ಕಡಿಮೆ ಮಾಡುತ್ತದೆ. ಆದ್ದರಿಂದ ಎಣ್ಣೆ ಹಚ್ಚುವ ಹೊತ್ತು ಮೀಯುವುದಕ್ಕೆ ಒಂದು ಗಂಟೆ ಮೊದಲು, ಇಲ್ಲವೇ ಹಿಂದಿನ ರಾತ್ರಿ. ನೆತ್ತಿಗೆ ಸ್ವಲ್ಪ ಸಾಕು, ಹೆಚ್ಚಿನದು ತುದಿಗೆ. ಮಿಂದು ಬಂದ ಮೇಲೆ ಎಣ್ಣೆ ಸುರಿದುಕೊಂಡರೆ ಸುರುಳಿ ಭಾರಕ್ಕೆ ಜೋತುಬೀಳುತ್ತದೆ.

ಗೊಂಪು ಮತ್ತು ನೀರು

ವಾರಕ್ಕೆ ಎರಡು ಸಲ ತಲೆಗೆ ಮಿಂದರೆ ಸಾಕು. ಶಾಂಪೂ ಕೊಳ್ಳುವುದಾದರೆ ಸಲ್ಫೇಟ್ ಇಲ್ಲದ್ದನ್ನು ಆರಿಸಿ, ಅದನ್ನೂ ನೆತ್ತಿಗೆ ಮಾತ್ರ ಹಚ್ಚಿ. ತೊಳೆದ ನೀರು ಇಳಿಯುವಾಗ ತುದಿ ತಾನಾಗಿಯೇ ಶುಚಿಯಾಗುತ್ತದೆ. ಸೀಗೆಪುಡಿಯನ್ನು ಬರೀ ನೀರಲ್ಲಿ ಕಲಸಿ ಹಾಕುವುದು ಗುಂಗುರು ಕೂದಲಿಗೆ ಒಗ್ಗುವುದಿಲ್ಲ ಎನ್ನುವುದು ನನ್ನ ಅನುಭವ. ಒರಟಾಗುತ್ತದೆ, ಪುಡಿ ಸುರುಳಿಯೊಳಗೆ ಸಿಕ್ಕಿಕೊಳ್ಳುತ್ತದೆ. ಗೊಂಪಿನ, ಎಂದರೆ ದಾಸವಾಳದ ಎಲೆ ಹಿಂಡಿದ ಲೋಳೆಯ, ಜೊತೆ ಕಲಸಿದರೆ ತೊಂದರೆಯಿಲ್ಲ.

ಗೊಂಪಿನ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಈಗಿನ ಮಕ್ಕಳು ನೋಡಿರುವುದಿಲ್ಲ. ಒಂಟಿ ಎಸಳಿನ ದಾಸವಾಳದ ಎಳೆಯೂ ಅಲ್ಲದ, ಬಲಿತೂ ಹೋಗದ ಎಲೆ ಎರಡು ಹಿಡಿ ಕೊಯ್ದು ತೊಳೆಯಿರಿ. ಅಗಲ ಬಾಯಿಯ ಪಾತ್ರೆಯಲ್ಲಿ ಎರಡು ಲೋಟ ನೀರಿಗೆ ಹಾಕಿ ಹತ್ತು ನಿಮಿಷ ಬಿಟ್ಟು, ಎರಡೂ ಕೈಯಲ್ಲಿ ತಿಕ್ಕಿ ತಿಕ್ಕಿ ಹಿಂಡಿ. ಮೊದಲು ನೀರು ಹಸಿರಾಗುತ್ತದೆ, ಆಮೇಲೆ ಒಂದು ಗಳಿಗೆಯಲ್ಲಿ ಕೈಗೆ ಜಾರು ಹತ್ತುತ್ತದೆ. ಬೆರಳು ಎತ್ತಿದರೆ ದಾರದ ಹಾಗೆ ಇಳಿಯುವಷ್ಟು ದಪ್ಪ ಬರಬೇಕು. ಇದನ್ನು ತೆಳು ಬಟ್ಟೆಯಲ್ಲಿ ಸೋಸದೆ ತಲೆಗೆ ಹಾಕಲೇಬೇಡಿ. ಮಿಕ್ಸಿಗೆ ಹಾಕಿ ಅರೆದರೆ ಸೊಪ್ಪಿನ ಚೂರು ಸುರುಳಿಯಲ್ಲಿ ಸಿಕ್ಕಿ ಎರಡು ದಿನವಾದರೂ ಉದುರುತ್ತಿರುತ್ತದೆ. ಗೊಂಪು ಅಷ್ಟಿಷ್ಟು ಜಿಡ್ಡು ತೆಗೆಯುತ್ತದೆ, ಅದಕ್ಕಿಂತ ಹೆಚ್ಚಾಗಿ ಕೂದಲಿಗೆ ಜಾರು ಕೊಡುತ್ತದೆ. ಅಂಗಡಿಯ ಕಂಡೀಷನರ್ ಮಾಡುವ ಕೆಲಸ ಅದೇ.

ನೀರೂ ಮುಖ್ಯ. ಬಾಯಾರು, ಎಣ್ಮಕಜೆ ಕಡೆಯ ಮುರಕಲ್ಲಿನ ಗುಡ್ಡಗಳಲ್ಲಿ ಇಂದಿಗೂ ನೀರಿಗಾಗಿ ಗುಡ್ಡಕ್ಕೆ ಅಡ್ಡಲಾಗಿ ಕೊರೆದ ಸುರಂಗದ ನೀರು ಇರುವ ಮನೆಗಳಿವೆ. ಅಂಥ ಮೆದು ನೀರಿನಲ್ಲಿ ಮಿಂದ ಕೂದಲಿನ ನುಣುಪೇ ಬೇರೆ. ಕೊಳವೆಬಾವಿಯ ಗಡಸು ನೀರಿನಲ್ಲಿ ನೊರೆ ಸರಿಯಾಗಿ ಬರುವುದಿಲ್ಲ, ಅದರಲ್ಲಿರುವ ಲವಣ ಕೂದಲ ಮೇಲೆ ಕೂತು ಒರಟು ಮಾಡುತ್ತದೆ. ಮಳೆಗಾಲದಲ್ಲಿ ಸೂರಿನ ನೀರು ಹಿಡಿದು ಸೋಸಿಟ್ಟುಕೊಂಡು ಕೊನೆಯ ಎರಡು ಚೆಂಬು ಅದರಲ್ಲೇ ಹುಯ್ದುಕೊಳ್ಳಿ. ಹಂಡೆಯ ಸುಡುನೀರು ಮೈಗೆ ಹಿತ, ತಲೆಗೆ ಉಗುರುಬೆಚ್ಚಗಿನದೇ ಇರಲಿ.

ಬಾಚುವುದು ಬಚ್ಚಲಲ್ಲೇ

ಗುಂಗುರು ಕೂದಲನ್ನು ಒಣಗಿದ ಮೇಲೆ ಬಾಚಬಾರದು. ಬಾಚಿದ ಕೂಡಲೇ ಒಟ್ಟಿಗಿದ್ದ ಎಳೆಗಳು ಬೇರೆ ಬೇರೆಯಾಗಿ ಹರಡಿಕೊಳ್ಳುತ್ತವೆ. ಗೊಂಪು ಅಥವಾ ಕಂಡೀಷನರ್ ತಲೆಯಲ್ಲಿ ಇರುವಾಗಲೇ ಮೊದಲು ಬೆರಳಿನಿಂದ, ಆಮೇಲೆ ಅಗಲ ಹಲ್ಲಿನ ಬಾಚಣಿಗೆಯಿಂದ ಸಿಕ್ಕು ಬಿಡಿಸಿ. ತುದಿಯಿಂದ ಶುರುಮಾಡಿ ಮೇಲಕ್ಕೆ ಹೋಗಬೇಕು. ಒದ್ದೆ ಕೂದಲು ಜಗ್ಗುತ್ತದೆ, ಬೇಗ ತುಂಡಾಗುತ್ತದೆ. ಆದ್ದರಿಂದ ಎಳೆಯಬೇಡಿ, ಸಿಕ್ಕಿನ ಮೇಲಿನ ಭಾಗವನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಳ್ಳಿ. ಆಮೇಲೆ ಚೆನ್ನಾಗಿ ತೊಳೆಯಿರಿ.

ಈಗ ತಲೆ ಬಗ್ಗಿಸಿ, ಕೂದಲು ಇನ್ನೂ ನೀರು ತೊಟ್ಟಿಕ್ಕುತ್ತಿರುವಾಗಲೇ, ಅಗಸೆ ಬೀಜದ ಲೋಳೆ ಹಚ್ಚಬೇಕು. ನಮ್ಮ ಕಡೆಯ ಅಂಗಡಿಯಲ್ಲಿ ಫ್ಲ್ಯಾಕ್ಸ್ ಸೀಡ್ ಎಂದು ಕೇಳಿ; ಅಗಸೆ ಎಂದರೆ ಕೆಲವರು ಅಗಸೆ ಮರದ್ದು ಎಂದುಕೊಳ್ಳುತ್ತಾರೆ. ಕಾಲು ಕಪ್ ಬೀಜಕ್ಕೆ ಎರಡು ಕಪ್ ನೀರು ಹಾಕಿ ನಡು ಉರಿಯಲ್ಲಿ ಕೈಯಾಡಿಸುತ್ತಾ ಕುದಿಸಿ. ಏಳೆಂಟು ನಿಮಿಷಕ್ಕೆ ನೊರೆ ಎದ್ದು, ಸೌಟು ಎತ್ತಿದರೆ ಮೊಟ್ಟೆಯ ಬಿಳಿಯ ಹಾಗೆ ಎಳೆ ಬರುತ್ತದೆ. ಆಗಲೇ ಇಳಿಸಿ, ಬಿಸಿಯಿರುವಾಗಲೇ ಬಟ್ಟೆಯಲ್ಲಿ ಸೋಸಿ. ಆರಿದರೆ ಎಷ್ಟು ಹಿಂಡಿದರೂ ಇಳಿಯುವುದಿಲ್ಲ. ಮೊದಲ ಸಲ ಫೋನು ಬಂತೆಂದು ಬಿಟ್ಟುಹೋಗಿ ನಾನು ಇಡೀ ಪಾತ್ರೆಯನ್ನು ತೆಂಗಿನ ಬುಡಕ್ಕೆ ಚೆಲ್ಲಬೇಕಾಯಿತು. ಫ್ರಿಜ್ಜಿನಲ್ಲಿ ಒಂದು ವಾರ ಇಡಬಹುದು. ಹುಳಿ ವಾಸನೆ ಬಂದರೆ ಎಸೆಯಿರಿ.

ಎರಡು ಚಮಚ ಲೋಳೆಯನ್ನು ಅಂಗೈಗೆ ಹಾಕಿ, ಕೈಮುಗಿದ ಹಾಗೆ ಕೂದಲಿನ ಒಂದೊಂದು ಭಾಗವನ್ನು ನಡುವೆ ಹಿಡಿದು ಮೇಲಿನಿಂದ ಕೆಳಕ್ಕೆ ಸವರಿ. ಆಮೇಲೆ ತುದಿಯನ್ನು ಅಂಗೈಯಲ್ಲಿ ತುಂಬಿಕೊಂಡು ನೆತ್ತಿಯ ಕಡೆಗೆ ಒತ್ತಿ ಒತ್ತಿ ಬಿಡಿ. ಚಪಚಪ ಎಂದು ಸದ್ದು ಬರಬೇಕು, ಬಾರದಿದ್ದರೆ ನೀರು ಸಾಲದು ಎಂದರ್ಥ. ಈ ಒತ್ತುವ ಹೊತ್ತಿನಲ್ಲೇ ಎಳೆಗಳು ಗುಂಪು ಗುಂಪಾಗಿ ಸುತ್ತಿಕೊಳ್ಳುವುದು ಕಣ್ಣಿಗೆ ಕಾಣುತ್ತದೆ. ಅವಸರ ಮಾಡಬೇಡಿ, ಐದು ನಿಮಿಷ ಹಿಡಿಯಲಿ.

ಒಣಗಿಸುವುದು

ದಪ್ಪ ಟರ್ಕಿ ಬೈರಾಸಿನಲ್ಲಿ ತಲೆ ತಿಕ್ಕುವ ಅಭ್ಯಾಸ ಬಿಟ್ಟುಬಿಡಿ. ತೆಳುವಾದ ತೋರ್ತು ಅಥವಾ ಹಳೆಯ ಬನಿಯನ್ ಬಟ್ಟೆ ಇದಕ್ಕೆ ಬಹಳ ಒಳ್ಳೆಯದು. ಅದನ್ನು ಮಂಚದ ಮೇಲೆ ಹಾಸಿ, ತಲೆ ಬಗ್ಗಿಸಿ ಕೂದಲನ್ನೆಲ್ಲ ನಡುವೆ ಗುಡ್ಡೆ ಮಾಡಿ, ಅಂಚುಗಳನ್ನು ತಲೆಗೆ ಸುತ್ತಿ ಕಟ್ಟಿ. ಹದಿನೈದು ಇಪ್ಪತ್ತು ನಿಮಿಷದಲ್ಲಿ ಹೆಚ್ಚಿನ ನೀರು ಬಟ್ಟೆಗೆ ಹೋಗುತ್ತದೆ, ಸುರುಳಿಯೂ ಕದಡುವುದಿಲ್ಲ.

ಬಿಚ್ಚಿದ ಮೇಲೆ ಪೂರ್ತಿ ಒಣಗುವ ತನಕ ಮುಟ್ಟಬಾರದು. ಇಡೀ ಕೆಲಸದಲ್ಲಿ ಕಷ್ಟದ್ದು ಇದೇ. ನಮ್ಮ ಹುಡುಗಿಯ ಕೈ ಎರಡು ನಿಮಿಷಕ್ಕೊಮ್ಮೆ ತಲೆಗೆ ಹೋಗುತ್ತಿತ್ತು. ಕೊನೆಗೆ ಅವಳಿಗೆ ಬಸಳೆ ಸೊಪ್ಪು ಸೋಸಲು ಕೊಟ್ಟು ಕೂರಿಸಿದೆ. ಒಣಗಿದಾಗ ಕೂದಲು ಗರಿಗರಿಯಾಗಿ, ಗಟ್ಟಿಯಾಗಿ ಇರುತ್ತದೆ. ಅದನ್ನು ನೋಡಿ ಗಾಬರಿಯಾಗಬೇಡಿ. ಅಂಗೈಗೆ ಎರಡೇ ತೊಟ್ಟು ತೆಂಗಿನೆಣ್ಣೆ ಸವರಿಕೊಂಡು ಮೆಲ್ಲಗೆ ಹಿಸುಕಿದರೆ ಲೋಳೆಯ ಗಟ್ಟಿತನ ಮುರಿದು ಒಳಗಿನಿಂದ ಮೃದುವಾದ ಸುರುಳಿ ಹೊರಬರುತ್ತದೆ.

ವರ್ಷಕ್ಕೆ 3000 ಮಿಲಿಮೀಟರಿಗಿಂತ ಹೆಚ್ಚು ಮಳೆ ಸುರಿಯುವ ಈ ನಾಡಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಣಗಿಸುವುದೇ ದೊಡ್ಡ ಪಾಡು. ಗಾಳಿಯ ತೇವ ಕೂದಲೊಳಗೆ ನುಗ್ಗಿ ಕೂತ ಬೆಸುಗೆಯನ್ನು ಮತ್ತೆ ಬಿಚ್ಚುತ್ತದೆ, ಅದಕ್ಕೇ ಪುರುಪುರು ಎದ್ದು ನಿಲ್ಲುವುದು. ಈ ನಾಲ್ಕು ತಿಂಗಳು ಗ್ಲಿಸರಿನ್ ಇರುವ ಕ್ರೀಮುಗಳನ್ನು ದೂರ ಇಡಿ. ಗ್ಲಿಸರಿನ್ ಗಾಳಿಯಿಂದ ನೀರು ಎಳೆಯುತ್ತದೆ, ಕೂದಲು ಉಬ್ಬುತ್ತದೆ. ಲೋಳೆ ಮಾತ್ರ ಒಂದು ಚಮಚ ಹೆಚ್ಚೇ ಇರಲಿ. ಬೆಳಿಗ್ಗೆ ಬೇಗ ಮಿಂದು ಫ್ಯಾನಿನ ಕೆಳಗೆ ಕೂರಿ. ಡ್ರೈಯರ್ ಇದ್ದರೆ ತಣ್ಣನೆಯ ಗಾಳಿಯ ಗುಂಡಿಯನ್ನಷ್ಟೇ ಒತ್ತಿ. ಸಂಜೆ ಮಿಂದು ಒದ್ದೆ ತಲೆಯಲ್ಲಿ ತುರುಬು ಕಟ್ಟಿ ಮಲಗುವುದಂತೂ ಬೇಡ. ಬುಡ ಒಣಗದೆ ಮುಗ್ಗಲು ವಾಸನೆ ಬರುತ್ತದೆ, ನೆತ್ತಿ ತುರಿಸುತ್ತದೆ. ತುರಿಕೆ, ಹೊಟ್ಟು ಹೆಚ್ಚಾದರೆ ಚರ್ಮದ ಡಾಕ್ಟರರಿಗೆ ತೋರಿಸಿ.

ಅಲೆ ಕಡಿಮೆ ಇರುವವರು ಮುಕ್ಕಾಲು ಒಣಗಿದ ಕೂದಲಿಗೆ ಎರಡು ಸಡಿಲ ಜಡೆ ಹೆಣೆದು, ಪೂರ್ತಿ ಒಣಗಿದ ಮೇಲೆ ಬಿಚ್ಚಲಿ. ಶಾಲೆಗೆ ಎರಡು ಜಡೆ, ರಿಬ್ಬನ್ ಕಟ್ಟಿ ಹೋಗುವ ಮಕ್ಕಳಿಗೆ ಇದು ತಾನಾಗಿಯೇ ಆಗುತ್ತದೆ. ಬಿಗಿಯಾಗಿ ಎಳೆದು ಹೆಣೆಯಬೇಡಿ. ದಿನವೂ ಎಳೆದರೆ ಹಣೆಯ ಅಂಚಿನ ಕೂದಲು ಉದುರುತ್ತದೆ.

ರಾತ್ರಿ, ಮರುದಿನ

ಹತ್ತಿಯ ದಿಂಬು ಕೂದಲಿನ ನಯವನ್ನು ಉಜ್ಜಿ ತೆಗೆಯುತ್ತದೆ. ಅಮ್ಮನ ಹರಿದ ರೇಷ್ಮೆ ಸೀರೆಯ ಸೆರಗಿನಲ್ಲಿ ನಾನು ಮೂರು ದಿಂಬಿನ ಚೀಲ ಹೊಲಿದೆ. ಒಂದು ಈಗ ತಂಗಿಯ ಮಗಳ ಹಾಸ್ಟೆಲಿನಲ್ಲಿದೆ. ಮಲಗುವಾಗ ಕೂದಲನ್ನೆಲ್ಲ ನೆತ್ತಿಯ ಮೇಲೆ ಎತ್ತಿ, ಬಟ್ಟೆಯ ರಬ್ಬರಿನಲ್ಲಿ ಒಂದೇ ಸುತ್ತು ಸಡಿಲವಾಗಿ ಕಟ್ಟಿದರೆ ಸುರುಳಿ ಅಪ್ಪಚ್ಚಿಯಾಗುವುದಿಲ್ಲ. ಬೆಳಿಗ್ಗೆ ಬಾಚಣಿಗೆ ಬೇಡ. ಒದ್ದೆ ಕೈಯಲ್ಲಿ ಕೆಟ್ಟ ಸುರುಳಿಗಳನ್ನಷ್ಟೇ ಬೆರಳಿಗೆ ಸುತ್ತಿ, ಎಣಿಸಿ ಹತ್ತರವರೆಗೆ ಹಿಡಿದು ಬಿಡಿ.

ಮದುವೆ ಮನೆಗೆ ಹೋಗುವ ದಿನ ಹೂವಿನ ಬಗ್ಗೆ ಜಾಗ್ರತೆ. ಬಾಳೆಲೆಯಲ್ಲಿ ಕಟ್ಟಿ ಬರುವ ಮಲ್ಲಿಗೆ ಒದ್ದೆ ಇರುತ್ತದೆ. ಹಾಗೇ ಮುಡಿದರೆ ಅದರ ಕೆಳಗಿನ ಸುರುಳಿಯೆಲ್ಲ ಬಿಚ್ಚಿಹೋಗುತ್ತದೆ. ಹೊರಡುವ ಅರ್ಧ ಗಂಟೆ ಮೊದಲೇ ಚೆಂಡನ್ನು ಬಿಚ್ಚಿ, ಕೊಡವಿ, ತೋರ್ತಿನ ಮೇಲೆ ಹರಡಿ. ಮುಡಿಯುವಾಗ ಕೂದಲನ್ನು ಎಳೆದು ಕಟ್ಟದೆ, ಕಿವಿಯ ಹಿಂದಿನ ಎರಡು ಸುರುಳಿಗಳನ್ನು ಪಿನ್ನಿನಲ್ಲಿ ಹಿಂದಕ್ಕೆ ಸೇರಿಸಿ, ಆ ಪಿನ್ನಿನ ಮೇಲೆಯೇ ಹೂವನ್ನು ಸಿಕ್ಕಿಸಿ.