ಕೊಡಗಿನಲ್ಲಿ ಬಿ.ಕಾಂ. ಓದುತ್ತಲೇ ಫೈನಾನ್ಸ್ ಕೆಲಸಕ್ಕೆ ತಯಾರಾಗುವುದು ಹೇಗೆ

ಮಡಿಕೇರಿಯ ಫೀಲ್ಡ್ ಮಾರ್ಷಲ್ ಕಾರ್ಯಪ್ಪ ಕಾಲೇಜಿರಲಿ, ಗೋಣಿಕೊಪ್ಪದ ಕಾವೇರಿ ಕಾಲೇಜಿರಲಿ, ಬಿ.ಕಾಂ. ಮುಗಿಸಿದವರ ಮುಂದೆ ಮುಖ್ಯವಾಗಿ ಮೂರು ದಾರಿಗಳಿವೆ: ಸಿಎ, ಬ್ಯಾಂಕು, ಷೇರು ಮತ್ತು ಸಾಲದ ವಿಶ್ಲೇಷಣೆ. ಯಾವುದಕ್ಕೆ ಹೋಗುವುದೆಂದು ಎರಡನೇ ಸೆಮಿಸ್ಟರ್ ಮುಗಿಯುವುದರೊಳಗೆ ತೀರ್ಮಾನಿಸಿ. ಮೂರಕ್ಕೂ ಪರೀಕ್ಷೆ ಬೇರೆ, ತಯಾರಿ ಬೇರೆ. ‘ಮೊದಲು ಡಿಗ್ರಿ ಮುಗೀಲಿ, ಆಮೇಲೆ ನೋಡೋಣ’ ಎಂದವರು ಕೊನೆಗೆ ಕರೆದ ಅರ್ಜಿಗಳನ್ನೆಲ್ಲ ಹಾಕುತ್ತಾ ಕೂರುತ್ತಾರೆ. 2024-25ರಿಂದ ರಾಜ್ಯದಲ್ಲಿ ಪದವಿ ಮತ್ತೆ ಮೂರು ವರ್ಷಕ್ಕೆ ಇಳಿದಿದೆ, ಹಾಗಾಗಿ ಸಮಯವೂ ಹೆಚ್ಚಿಲ್ಲ.

ಸಿಎ ಎಂದಾದರೆ ಪಿಯುಸಿ ಆದ ಕೂಡಲೇ ಅದರ ಮೊದಲ ಪರೀಕ್ಷೆಯಾದ ಫೌಂಡೇಷನ್‌ಗೆ ನೋಂದಾಯಿಸಿ. ಮೇ ಪರೀಕ್ಷೆಗೆ ಜನವರಿ 1ರೊಳಗೆ, ಸೆಪ್ಟೆಂಬರ್‌ನದಕ್ಕೆ ಮೇ 1ರೊಳಗೆ, ಜನವರಿಯದಕ್ಕೆ ಸೆಪ್ಟೆಂಬರ್ 1ರೊಳಗೆ ನೋಂದಣಿ ಆಗಿರಬೇಕು. ನಾಲ್ಕು ಪತ್ರಿಕೆ, ಒಟ್ಟು 400 ಅಂಕ. ಪ್ರತಿಯೊಂದರಲ್ಲೂ 40 ಬಂದರೆ ಪಾಸು ಎಂದುಕೊಂಡವರು ಎಡವುವುದು ಇಲ್ಲೇ: ನಾಲ್ಕರಲ್ಲೂ 40 ಬಂದರೆ ಒಟ್ಟು 160, ಬೇಕಾದದ್ದು 200. ಮೂರು ಮತ್ತು ನಾಲ್ಕನೇ ಪತ್ರಿಕೆಯಲ್ಲಿ ತಪ್ಪು ಉತ್ತರಕ್ಕೆ ಕಾಲು ಅಂಕ ಹೋಗುತ್ತದೆ. ಗೊತ್ತಿಲ್ಲದ್ದನ್ನು ಊಹಿಸಿ ತುಂಬಬೇಡಿ. ಕಾಫಿ ತೋಟದ ಮನೆಯ ಮಕ್ಕಳಿಗೆ ಜನವರಿ ಪರೀಕ್ಷೆ ಕಷ್ಟ, ಕುಯ್ಲಿನ ನಡುವೆ ಮನೆಯಲ್ಲಿ ಯಾರೂ ಓದಲು ಬಿಡುವುದಿಲ್ಲ. ಮೇ ಅಥವಾ ಸೆಪ್ಟೆಂಬರ್ ಹಿಡಿಯುವುದು ಲೇಸು. ಸೆಪ್ಟೆಂಬರ್‌ಗೆ ಕೂರುವವರು ಮಳೆಗಾಲದಲ್ಲಿ ಕರೆಂಟು, ನೆಟ್‌ವರ್ಕ್ ಎರಡೂ ಕೈಕೊಡುತ್ತವೆ ಎಂಬುದನ್ನು ನೆನಪಿಟ್ಟು ಪಾಠದ ವಿಡಿಯೋಗಳನ್ನು ಜೂನ್‌ಗೆ ಮೊದಲೇ ಇಳಿಸಿಕೊಳ್ಳಲಿ.

ಫೌಂಡೇಷನ್ ಬರೆಯದವರು ಬಿ.ಕಾಂ.ನಲ್ಲಿ ಶೇ. 55 ತೆಗೆದು ನೇರವಾಗಿ ಇಂಟರ್‌ಮೀಡಿಯೆಟ್‌ಗೆ ಸೇರಬಹುದು. ಅದರ ಎರಡೂ ಗ್ರೂಪ್ ಪಾಸಾದ ಮೇಲೆ ಎರಡು ವರ್ಷ ಒಬ್ಬ ಸಿಎ ಕೈಕೆಳಗಿನ ತರಬೇತಿ, ಅಂದರೆ ಆರ್ಟಿಕಲ್‌ಶಿಪ್. ಊರಿನ ಸಣ್ಣ ಆಫೀಸಿನಲ್ಲಿ ರಿಟರ್ನ್, ಜಿಎಸ್‌ಟಿ, ತೋಟದ ಲೆಕ್ಕ ಚೆನ್ನಾಗಿ ಕೈಗೆ ಹತ್ತುತ್ತವೆ. ದೊಡ್ಡ ಕಂಪನಿಯ ಆಡಿಟ್ ನೋಡಬೇಕೆಂದರೆ ಬೆಂಗಳೂರಿಗೆ ಹೋಗಲೇಬೇಕು. ಮುಂದೆ ಮಡಿಕೇರಿ ಅಥವಾ ಕುಶಾಲನಗರದಲ್ಲೇ ಆಫೀಸು ತೆರೆಯುವ ಮನಸ್ಸಿದ್ದರೆ ಮೊದಲನೆಯದೇ ಒಳ್ಳೆಯದು ಎನ್ನಬೇಕು.

ಬ್ಯಾಂಕಿನ ದಾರಿ ಇದಕ್ಕಿಂತ ನೇರ. ಸರ್ಕಾರಿ ಬ್ಯಾಂಕುಗಳಿಗೆ ಒಟ್ಟಾಗಿ ಪರೀಕ್ಷೆ ನಡೆಸುವ ಐಬಿಪಿಎಸ್‌ನ ಕ್ಲರ್ಕ್‌ಗೆ ವಯಸ್ಸು 20ರಿಂದ 28, ಪಿಒಗೆ (ಪ್ರೊಬೇಷನರಿ ಅಧಿಕಾರಿ) 20ರಿಂದ 30. ಕರ್ನಾಟಕ ಗ್ರಾಮೀಣ ಬ್ಯಾಂಕಿನಂಥ ಪ್ರಾದೇಶಿಕ ಗ್ರಾಮೀಣ ಬ್ಯಾಂಕುಗಳ, ಅಂದರೆ ಆರ್‌ಆರ್‌ಬಿಗಳ ಪರೀಕ್ಷೆಯನ್ನು ಕನ್ನಡದಲ್ಲೂ ಬರೆಯಬಹುದು. ಎಸ್‌ಬಿಐ ಕ್ಲರ್ಕ್‌ಗೆ ಹತ್ತನೇ ಅಥವಾ ಪಿಯುಸಿ ಅಂಕಪಟ್ಟಿಯಲ್ಲಿ ಕನ್ನಡವಿದ್ದರೆ ಸ್ಥಳೀಯ ಭಾಷೆಯ ಪರೀಕ್ಷೆ ಇರುವುದಿಲ್ಲ; ಇಂಗ್ಲಿಷ್ ಶಾಲೆಯಲ್ಲಿ ಹಿಂದಿ ತೆಗೆದುಕೊಂಡವರು ಈಗಲೇ ಕನ್ನಡ ಓದಿ ಬರೆಯುವುದನ್ನು ರೂಢಿಸಿಕೊಳ್ಳಲಿ. ಕೊಡಗಿನ ಶಾಖೆಗೆ ಬಂದರೆ ಎದುರಾಗುವುದು ಜಮ್ಮಾ ಜಾಗದ, ಅಂದರೆ ವಂಶಪಾರಂಪರ್ಯವಾಗಿ ಬಂದ ಜಮೀನಿನ ಸಾಲ. ಆರ್‌ಟಿಸಿಯಲ್ಲಿ ಪಟ್ಟೆದಾರರ ಜೊತೆ ಒಕ್ಕದ, ಅಂದರೆ ಮನೆತನದ, ಇತರರ ಹೆಸರೂ ಇರುವುದರಿಂದ ಒಬ್ಬರ ಪಾಲನ್ನು ಅಡವಿಡುವುದು ತೊಡಕಿನ ಕೆಲಸ. ಇದು ಯಾವ ಪಠ್ಯದಲ್ಲೂ ಇಲ್ಲ.

ಮೂರನೆಯದು ವಿಶ್ಲೇಷಣೆ. ಇದಕ್ಕಾಗಿ ಎಂಬಿಎ ಮಾಡುವವರಿಗೆ ರಾಜ್ಯದ ಪ್ರವೇಶ ಪರೀಕ್ಷೆ ಪಿಜಿಸಿಇಟಿ ಇದೆ, ಐಐಎಂ ಆಸೆಯಿದ್ದವರಿಗೆ ಕ್ಯಾಟ್. ಸಿಎಫ್‌ಎ ಎಂಬ ಅಂತರರಾಷ್ಟ್ರೀಯ ಹೂಡಿಕೆ ವಿಶ್ಲೇಷಣೆ ಪರೀಕ್ಷೆ ಮೂರು ಹಂತದ್ದು, ಶುಲ್ಕ ಡಾಲರ್‌ನಲ್ಲಿ. ವಿಶ್ಲೇಷಕರ ಕೆಲಸ ಖಚಿತವಾಗಿ ಬೇಕೆನ್ನುವವರು ಮಾತ್ರ ದುಡ್ಡು ಹಾಕಿ.

ದಾರಿ ಯಾವುದೇ ಆಗಲಿ, ಒಂದು ವರ್ಷದ ತೋಟದ ಲೆಕ್ಕವನ್ನು ಎಕ್ಸೆಲ್‌ನಲ್ಲಿ ಮಾಡಿ. ತೋಟದ ಗುಮಾಸ್ತ ರೈಟರ ಹಾಜರಿ ಪುಸ್ತಕ, ಅಂದರೆ ಚೆಕ್‌ರೋಲ್‌ನಿಂದ ಆಳಿನ ಲೆಕ್ಕ, ವಾರದ ಬಟವಾಡೆ (ಕೂಲಿ ಹಂಚಿಕೆ), ಗೊಬ್ಬರ, ಮರ ಕಪಾತು, ಕುಯ್ಲಿನ ಕೂಲಿ, ಕೊನೆಗೆ ಮಾರಾಟ. ಬಟವಾಡೆ ವರ್ಷವಿಡೀ ಹೋಗುತ್ತದೆ, ದುಡ್ಡು ಕುಯ್ಲಾದ ಮೇಲೆ ಬರುತ್ತದೆ; ವರ್ಕಿಂಗ್ ಕ್ಯಾಪಿಟಲ್ ಅರ್ಥವಾಗಲು ಇಷ್ಟು ಸಾಕು. ಮನೆಯವರ ದುಡಿಮೆಗೆ ಕೂಲಿ ಹಾಕದೆ ಬಿಟ್ಟರೆ ಲಾಭ ಉಬ್ಬಿ ಕಾಣುತ್ತದೆ. ತೋಟವಿಲ್ಲದವರು ಊರಿನ ಸಹಕಾರ ಸಂಘದ ಮಹಾಸಭೆಯಲ್ಲಿ ಹಂಚುವ ವಾರ್ಷಿಕ ವರದಿ ಹಿಡಿದು ಕೂರಲಿ.

ಆಮೇಲೆ ಬೆಲೆ. ರೊಬಸ್ಟಾ ಕಾಫಿಗೆ ಲಂಡನ್ ಮಾರುಕಟ್ಟೆ, ಟನ್ನಿಗೆ ಡಾಲರ್. ಅರೇಬಿಕಾಕ್ಕೆ ನ್ಯೂಯಾರ್ಕ್, ಪೌಂಡ್ ತೂಕಕ್ಕೆ ಸೆಂಟ್. ಲಂಡನ್ 4,000 ಡಾಲರ್, ಡಾಲರ್‌ಗೆ 85 ರೂಪಾಯಿ ಎಂದಿಟ್ಟುಕೊಂಡರೆ ಕೆಜಿಗೆ 340 ರೂಪಾಯಿ. ಆದರೆ ಅದು ಸಂಸ್ಕರಿಸಿದ ಬೀಜದ ಬೆಲೆ. 50 ಕೆಜಿ ಚೆರಿ (ಒಣಗಿಸಿದ ಹಣ್ಣು) ಚೀಲದ ಔಟ್‌ಟರ್ನ್, ಅಂದರೆ ಅದರಿಂದ ಸಿಗುವ ಬೀಜ, 26 ಕೆಜಿ ಆದರೆ ಚೀಲದ ಲೆಕ್ಕ 26×340, ಅಂದರೆ 8,840 ರೂಪಾಯಿ. ಇದರಲ್ಲಿ ಕ್ಯೂರಿಂಗ್ (ಸಿಪ್ಪೆ ತೆಗೆದು ಬೀಜ ಹಸನು ಮಾಡುವುದು), ಸಾಗಣೆ, ವ್ಯಾಪಾರಿಯ ಲಾಭ ಕಳೆಯಬೇಕು. ಚೆರಿಯ ತೂಕಕ್ಕೇ 340 ಗುಣಿಸಿ 17,000 ಎಂದು ಬರೆದುಕೊಂಡರೆ ಕುಶಾಲನಗರದ ವ್ಯಾಪಾರಿಯೆಲ್ಲ ಮೋಸಗಾರನಂತೆಯೇ ಕಾಣುತ್ತಾನೆ.

ತೆರಿಗೆಯ ಸಾಲು ಕೊನೆಗೆ ಸೇರಿಸಿ. ಬೆಳೆದವರೇ ಕ್ಯೂರಿಂಗ್ ಮಾಡಿಸಿ ಮಾರಿದರೆ, ಆದಾಯ ತೆರಿಗೆ ನಿಯಮಗಳ ಪ್ರಕಾರ ಆದಾಯದ ಶೇ. 25 ವ್ಯಾಪಾರದ್ದು, ಉಳಿದದ್ದು ಕೃಷಿಯದು. ಹುರಿದು ಪುಡಿ ಮಾಡಿ ಮಾರಿದರೆ ಶೇ. 40. ಕಂಪನಿಯ ಸಂದರ್ಶನಕ್ಕೆ ಹೋಗುವವರು ಇನ್ನೊಂದನ್ನೂ ತಿಳಿದಿರಲಿ: ಇಂಡ್ ಎಎಸ್ (ಭಾರತದ ಲೆಕ್ಕಪತ್ರ ಮಾನದಂಡ) ಪಾಲಿಸುವ ಕಂಪನಿಯ ಲೆಕ್ಕದಲ್ಲಿ ಕಾಫಿ ಗಿಡ ಕಟ್ಟಡ, ಯಂತ್ರಗಳ ಸಾಲಿನ ಸ್ಥಿರಾಸ್ತಿ, ಅದಕ್ಕೆ ಸವಕಳಿ ಹಾಕಬೇಕು. ಗಿಡದಲ್ಲಿರುವ ಹಣ್ಣು ಮಾತ್ರ ಇಂಡ್ ಎಎಸ್ 41ರ ಪ್ರಕಾರ ಬೇರೆಯೇ ಆಸ್ತಿ.